ಇದು ಗ್ಲೂಕೋಸ್ ಅಲ್ಲಮ್ಮಾ

ನಾನು ಅನಸ್ತೇಷಿಯಾ ಡಾಕ್ಟರ್. ಕೋಲಾರದ ಕಡೆ ನಮ್ಮನ್ನು ‘ಮತ್ತು ಕೊಡೋ ಡಾಕ್ಟ್ರು’ ಅಂತಾರೆ. ಆಪರೇಷನ್ ಮುಗಿದ ಮೇಲೆ ನಮ್ಮ ಮುಖ ಯಾರಿಗೂ ನೆನಪಿರಲ್ಲ. ಅದಕ್ಕೆ ಬೇಜಾರೂ ಇಲ್ಲ.

ಕೆಟಮಿನ್ ನನಗೆ ಹಳೇ ಪರಿಚಯ. ತಾಲ್ಲೂಕು ಆಸ್ಪತ್ರೆಯಲ್ಲಿದ್ದಾಗ ಮರದಿಂದ ಬಿದ್ದು ಕೈ ಮುರಿದುಕೊಂಡ ಹುಡುಗನಿಗೆ, ರಕ್ತ ಹೋಗಿ ಬಿಪಿ ಇಳಿದ ಬಾಣಂತಿಗೆ ನಂಬಿ ಕೊಡುತ್ತಿದ್ದ ಔಷಧಿ ಅದು. ಬೇರೆ ಮತ್ತಿನ ಔಷಧಿಗಳ ಹಾಗೆ ಬಿಪಿ ಬೀಳಿಸಲ್ಲ. ಉಸಿರಾಟವೂ ಸಾಮಾನ್ಯವಾಗಿ ನಡೆಯುತ್ತಲೇ ಇರುತ್ತೆ. ಅದೇ ಬಾಟಲಿ ಹಿಡಿದು ಒಂದು ದಿನ ಮನೋರೋಗದ ವಿಭಾಗಕ್ಕೆ ಹೋಗುತ್ತೇನೆ ಅಂತ ಆಗ ಯಾರಾದರೂ ಹೇಳಿದ್ದರೆ ನಗುತ್ತಿದ್ದೆ.

ಕರೆದದ್ದು ನಮ್ಮ ಸೈಕಿಯಾಟ್ರಿಸ್ಟ್ ಮೇಡಂ. ಎರಡು ಬೇರೆ ಬೇರೆ ಮಾತ್ರೆಗಳನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ವಾರ ತಗೊಂಡರೂ ಖಿನ್ನತೆ ಜಗ್ಗದವರು ಇರುತ್ತಾರೆ. ಅಂಥವರಿಗೆ ಕಡಿಮೆ ಪ್ರಮಾಣದ ಕೆಟಮಿನ್ ಕೊಟ್ಟು ನೋಡೋಣ, ಮಾನಿಟರ್ ಹತ್ತಿರ ನೀವಿರಿ ಅಂದರು. ಇದೇನು ನಿನ್ನೆ ಮೊನ್ನೆಯ ಯೋಚನೆ ಅಲ್ಲ. 2000ದಲ್ಲೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಏಳು ರೋಗಿಗಳ ಮೇಲೆ ಮಾಡಿದ ಪುಟ್ಟ ಪ್ರಯೋಗ ಪ್ರಕಟವಾಗಿತ್ತು. ಮಾಮೂಲಿ ಮಾತ್ರೆ ಕೆಲಸ ಶುರು ಮಾಡೋಕೆ ವಾರಗಳು ಬೇಕು. ಇದು ಕೆಲವರಲ್ಲಿ ಗಂಟೆಗಳಲ್ಲಿ, ಒಂದೆರಡು ದಿನದಲ್ಲಿ ಮನಸ್ಸನ್ನು ಸ್ವಲ್ಪ ಎತ್ತುತ್ತೆ. ಮಾತ್ರೆಗಳು ಹೆಚ್ಚಾಗಿ ಸೆರೊಟೋನಿನ್ ಅನ್ನೋ ಮಿದುಳಿನ ರಾಸಾಯನಿಕದ ಕಡೆ ಕೆಲಸ ಮಾಡುತ್ತವೆ, ಇದು ಗ್ಲುಟಮೇಟ್ ಅನ್ನೋ ಬೇರೆ ದಾರಿ ಹಿಡಿಯುತ್ತೆ.

ಅರವತ್ತು ಕೆಜಿ ತೂಕದವರಿಗೆ ಸುಮಾರು 30 ಮಿಲಿಗ್ರಾಂ, ಸಲೈನ್‌ನಲ್ಲಿ ಬೆರೆಸಿ 40 ನಿಮಿಷದಲ್ಲಿ ಹೋಗುತ್ತೆ. ಥಿಯೇಟರ್‌ನಲ್ಲಿ ಅದೇ ಮನುಷ್ಯನಿಗೆ ಅದರ ಎರಡರಿಂದ ನಾಲ್ಕು ಪಟ್ಟು, ಒಂದೇ ನಿಮಿಷದಲ್ಲಿ ಕೊಡುತ್ತೇವೆ. ಹಾಗಾಗಿ ನನಗೆ ಇದು ಮಕ್ಕಳಾಟ ಅನಿಸಿತು. ಎಡವಿದ್ದು ಅಲ್ಲೇ.

ಮೊದಲ ರೋಗಿ ಶ್ರೀನಿವಾಸಪುರದ ಕಡೆಯವರು. ಐವತ್ತರ ಆಸುಪಾಸು, ಮಾವಿನ ತೋಟದ ಮನೆ. ಎರಡು ವರ್ಷದಿಂದ ಮಾತು ಕಮ್ಮಿ, ಊಟ ಕಮ್ಮಿ, ನಿದ್ದೆ ಇಲ್ಲ. “ಡ್ರಿಪ್ ಹಾಕ್ತೀವಮ್ಮಾ” ಅಂದೆ, ಅಷ್ಟೇ. ಅವರು ಖುಷಿಯಾಗಿಯೇ ಕೈ ಚಾಚಿದರು. “ಹಾಕಿ ಸಾರ್, ಮೈಯಲ್ಲಿ ಶಕ್ತೀನೇ ಇಲ್ಲ.” ನಮ್ಮ ಕಡೆ ಡ್ರಿಪ್ ಅಂದ್ರೆ ಗ್ಲೂಕೋಸ್, ಗ್ಲೂಕೋಸ್ ಅಂದ್ರೆ ಶಕ್ತಿ. ಇದು ನನಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಒಪ್ಪಿಗೆ ಪತ್ರಕ್ಕೆ ಸಹಿ ಆಗಿತ್ತು, ಸಾಕು ಅಂದುಕೊಂಡೆ.

ಹನ್ನೆರಡು ನಿಮಿಷ ಆಗಿರಬೇಕು. ಕಣ್ಣು ಅಗಲ ಮಾಡಿ ಚೀರಿದರು. “ನನ್ನ ಕೈ ಎಲ್ಲಿ? ಯಾರು ತಗೊಂಡ್ರು ನನ್ನ ಕೈ?” ಕೈ ಅಲ್ಲೇ ಇತ್ತು, ಸಿಸ್ಟರ್ ಅದನ್ನೇ ಹಿಡಿದುಕೊಂಡಿದ್ದರು. ಬಿಪಿ 170ಕ್ಕೆ ಏರಿತು. ಪಂಪ್ ನಿಲ್ಲಿಸಿದೆ. ಅರ್ಧ ಗಂಟೆಯೊಳಗೆ ಸಮಾಧಾನ ಆದರು. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದರು: “ಗ್ಲೂಕೋಸಲ್ಲಿ ಏನ್ ಬೆರೆಸಿದ್ರಿ ಸಾರ್?”

ಔಷಧಿ ತನ್ನ ಕೆಲಸ ಮಾಡಿತ್ತು. ನಾನು ನನ್ನ ಕೆಲಸ ಮಾಡಿರಲಿಲ್ಲ.

ಈಗ ಹಿಂದಿನ ದಿನವೇ ಕುರ್ಚಿ ಎಳೆದುಕೊಂಡು ಕೂರುತ್ತೇನೆ. ಮೊದಲ ಮಾತೇ ಇದು: “ಇದು ಗ್ಲೂಕೋಸ್ ಅಲ್ಲಮ್ಮಾ, ಮತ್ತಿನ ಔಷಧಿ, ಕಮ್ಮಿ ಪ್ರಮಾಣದಲ್ಲಿ ಕೊಡ್ತೀವಿ.” ಆಮೇಲೆ ಏನೇನಾಗಬಹುದು ಅಂತ ಹೇಳುತ್ತೇನೆ. ಜಾತ್ರೆಯ ತಿರುಗೋ ತೊಟ್ಟಿಲು ಮೇಲಿಂದ ಇಳಿಯುವಾಗ ಹೊಟ್ಟೆಯಲ್ಲಿ ಒಂಥರಾ ಆಗುತ್ತಲ್ವಾ, ಹಾಗೆ. ಕೈಕಾಲು ನಮ್ಮದಲ್ಲ ಅನಿಸಬಹುದು. ನಮ್ಮನ್ನೇ ನಾವು ದೂರ ನಿಂತು ನೋಡಿದ ಹಾಗೆ, ಗೋಡೆ ಹತ್ತಿರ ಬಂದ ಹಾಗೆ, ಹೊತ್ತು ನಿಂತುಹೋದ ಹಾಗೆ ಅನಿಸಬಹುದು. ಏನೂ ಅನಿಸದೇ ಇರಬಹುದು. ಅನಿಸಿದರೆ ಎದುರು ಜಗ್ಗಬೇಡಿ, ಕಣ್ಣು ಮುಚ್ಚಿ ಬಿಟ್ಟುಬಿಡಿ. ಡ್ರಿಪ್ ಮುಗಿದ ಮೇಲೆ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತೆ. ಬೇಡ ಅಂದರೆ ಆ ಕ್ಷಣವೇ ನಿಲ್ಲಿಸುತ್ತೇನೆ. ಈ ಕೊನೇ ಮಾತು ಹೇಳಿದಾಗ ರೋಗಿಯ ಭುಜ ಸ್ವಲ್ಪ ಇಳಿಯುತ್ತೆ, ಗಮನಿಸಿದ್ದೇನೆ.

ನಾನು ಕೇಳೋದೂ ಇರುತ್ತೆ. ಬಿಪಿ ಇದ್ಯಾ, ಹಿಡಿತದಲ್ಲಿದ್ಯಾ? ಹೃದಯದ ತೊಂದರೆ? ಇಲ್ಲದ ದನಿ ಕೇಳಿಸೋ, ಇಲ್ಲದ್ದು ಕಾಣಿಸೋ ಕಾಯಿಲೆ ಇತ್ತಾ? ಬಸುರಿಯಾ? ಇದರಲ್ಲಿ ಒಂದಕ್ಕೆ ಹೌದು ಅಂದರೂ ಮೇಡಂ ಮತ್ತೆ ಯೋಚಿಸುತ್ತಾರೆ, ಎಷ್ಟೋ ಸಲ ಬೇಡ ಅಂತಲೇ ಹೇಳುತ್ತಾರೆ. ನಿದ್ದೆಗೆ ಅಲ್‌ಪ್ರಜೊಲಾಮ್ ಥರದ ಮಾತ್ರೆ ತಗೊಳ್ತಿದ್ದರೆ ಹೇಳಲೇಬೇಕು, ಅದು ಕೆಟಮಿನ್‌ನ ಗುಣವನ್ನು ಮಂಕು ಮಾಡಬಹುದು. ಹಾಗಂತ ನೀವೇ ಅದನ್ನು ಥಟ್ಟನೆ ನಿಲ್ಲಿಸಬೇಡಿ. ಕುಡಿತದ ಬಗ್ಗೆ ಹೆಂಡತಿಯ ಮುಂದೆ ಕೇಳಬಾರದು ಅನ್ನೋದನ್ನೂ ಕಲಿತೆ. ಒಬ್ಬರು ಧೈರ್ಯಕ್ಕೆ ಅಂತ ಬೆಳಿಗ್ಗೆಯೇ ಒಂದು ಕ್ವಾರ್ಟರ್ ಹಾಕಿಕೊಂಡು ಬಂದಿದ್ದರು. ಬೆಡ್ ಹತ್ತಿಸದೆ ಕಳಿಸಿದೆ.

ಹೊಟ್ಟೆ ಖಾಲಿ ಇರಬೇಕು. ಆರು ಗಂಟೆ ಗಟ್ಟಿ ಆಹಾರ ಇಲ್ಲ. “ಬರೀ ಎರಡು ಇಡ್ಲಿ ಸಾರ್” ಅಂದರೂ ಇಲ್ಲ. ವಾಂತಿ ಬಂದರೆ ಶ್ವಾಸಕೋಶಕ್ಕೆ ಹೋಗೋ ಅಪಾಯ. ಮುಗಿದ ಮೇಲೆ ಎರಡು ಗಂಟೆ ನಮ್ಮ ಕಣ್ಣೆದುರು ಮಲಗಿರಬೇಕು. ಮಾರನೇ ದಿನದ ತನಕ ಬೈಕ್, ಟ್ರ್ಯಾಕ್ಟರ್ ಮುಟ್ಟಬಾರದು, ಜಮೀನಿನ ಪತ್ರಕ್ಕೆ ಸಹಿ ಹಾಕಬಾರದು. ಜಗಳ ಜಾಸ್ತಿ ಆಗೋದು ಬೈಕ್ ವಿಷಯಕ್ಕೇ. ಒಬ್ಬರೇ ಬಂದವರಿಗೆ ಕೊಡೋದೇ ಇಲ್ಲ ಅಂತ ತೀರ್ಮಾನ ಮಾಡಿದ್ದೇವೆ.

“ಇದು ಪಾರ್ಟಿಯಲ್ಲಿ ಹುಡುಗರು ತಗೊಳ್ಳೋ ಡ್ರಗ್ ಅಲ್ವಾ?” ಅಂತ ಒಬ್ಬರ ಮಗಳು ನೇರವಾಗಿ ಕೇಳಿದಳು. ಹೌದು, ದುರ್ಬಳಕೆ ಇದೆ. ಅದಕ್ಕೇ ನಮ್ಮಲ್ಲಿ ಇದನ್ನು ಶೆಡ್ಯೂಲ್ ಎಕ್ಸ್ ಅನ್ನೋ ಬಿಗಿ ನಿಯಂತ್ರಣದ ಔಷಧಿಗಳ ಪಟ್ಟಿಗೆ ಸೇರಿಸಿದ್ದಾರೆ. ಬೀಗದಲ್ಲಿ ಇಡಬೇಕು, ರಿಜಿಸ್ಟರ್‌ನಲ್ಲಿ ಬರೆಯಬೇಕು. ಪದೇ ಪದೇ, ಜಾಸ್ತಿ ಪ್ರಮಾಣದಲ್ಲಿ ತಗೊಂಡವರ ಮೂತ್ರಕೋಶ ಹಾಳಾಗಬಹುದು. ಮನೆಗೆ ಬಂದು ಹಾಕ್ತೀವಿ ಅಂತ ಯಾರಾದರೂ ಅಂದರೆ ಬಾಗಿಲು ಹಾಕಿಕೊಳ್ಳಿ. ಇನ್ನೊಂದು ವಿಷಯ ಮುಚ್ಚಿಡಬಾರದು. ಈ ಡ್ರಿಪ್‌ಗೆ ಅಧಿಕೃತ ಒಪ್ಪಿಗೆ ಇರೋದು ಅರಿವಳಿಕೆಗೆ, ಖಿನ್ನತೆಗೆ ಕೊಡೋದು ಆಫ್-ಲೇಬಲ್. ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿದ್ದು ಇದರ ತಮ್ಮನಂಥ ಎಸ್ಕೆಟಮಿನ್ ಅನ್ನೋ ಮೂಗಿನ ಸ್ಪ್ರೇಗೆ. ಅದನ್ನೂ ಅಲ್ಲಿ ಆಸ್ಪತ್ರೆ, ಕ್ಲಿನಿಕ್‌ಗಳಲ್ಲೇ ಕೊಟ್ಟು ಎರಡು ಗಂಟೆ ಕೂರಿಸುತ್ತಾರೆ.

ದುಡ್ಡಿನ ಮಾತು. ಔಷಧಿ ಅಗ್ಗ. ನೀವು ಕೊಡೋದು ಬೆಡ್‌ಗೆ, ಮಾನಿಟರ್‌ಗೆ, ಪಕ್ಕದಲ್ಲಿ ಕೂತಿರೋ ಮನುಷ್ಯರಿಗೆ. ಸಾಮಾನ್ಯವಾಗಿ ವಾರಕ್ಕೆ ಎರಡು ಡ್ರಿಪ್‌ನಂತೆ ಎರಡು ಮೂರು ವಾರ ನಡೆಯುತ್ತೆ. ಆದರೆ ಮೂರು ನಾಲ್ಕಕ್ಕೆ ಏನೂ ಕಾಣದೆ ನಾವೇ ನಿಲ್ಲಿಸಿದ್ದೂ ಉಂಟು. ಆರು ಡ್ರಿಪ್‌ಗೂ ಸೇರಿಸಿ ಮೊದಲೇ ಪ್ಯಾಕೇಜ್ ದುಡ್ಡು ಕಟ್ಟಿ ಅನ್ನೋ ಕಡೆ ನಾನಾದರೆ ಕಟ್ಟಲ್ಲ.

‘ಕರೆಂಟ್ ಶಾಕ್’ ತಪ್ಪಿಸಿಕೊಳ್ಳೋಕೆ ಇದನ್ನು ಕೇಳಿಕೊಂಡು ಬರುವವರಿದ್ದಾರೆ. ಅದಕ್ಕೆ, ಅಂದರೆ ಇಸಿಟಿಗೆ, ಮತ್ತು ಕೊಡೋದೂ ನಾನೇ, ಸಿನಿಮಾದಲ್ಲಿ ತೋರಿಸೋ ಹಾಗೆ ಅದು ಇರಲ್ಲ. ಭ್ರಮೆ ಸೇರಿದ ಖಿನ್ನತೆಗೆ ಅದೇ ಒಳ್ಳೆಯದು. ಅಂಥವರನ್ನು ಮೇಡಂ ಅಲ್ಲಿಗೇ ಕಳಿಸುತ್ತಾರೆ.

ಗುಣ ಕಂಡಾಗ ಹೇಗಿರುತ್ತೆ? ಟೊಮೆಟೊ ಬೆಳೆಯೋ ಒಬ್ಬರ ಹೆಂಡತಿ ಎರಡನೇ ಡ್ರಿಪ್ ಆದ ಮಾರನೇ ದಿನ ಫೋನ್ ಮಾಡಿದ್ದರು. “ಸಾರ್, ಸಾರಿಗೆ ಉಪ್ಪು ಜಾಸ್ತಿ ಅಂತ ಬೈದ್ರು!” ಬೈಸಿಕೊಂಡು ಅಷ್ಟು ಖುಷಿಪಟ್ಟವರನ್ನು ನಾನು ನೋಡಿಲ್ಲ. ಒಂದು ವರ್ಷದಿಂದ ತಟ್ಟೆಯಲ್ಲಿ ಏನು ಹಾಕಿದರೂ ಆ ಮನುಷ್ಯ ತುಟಿ ಎರಡು ಮಾಡಿರಲಿಲ್ಲವಂತೆ.

ಆದರೆ ಅದೇ ಮನುಷ್ಯ ಆರು ಮುಗಿದ ಮೇಲೆ ವಾಸಿಯಾಯ್ತು ಅಂತ ಮಾತ್ರೆ ಬಿಟ್ಟರು. ಮೂರು ವಾರಕ್ಕೆ ಮತ್ತೆ ಮುಸುಕು ಹಾಕಿ ಮಲಗಿದರು. ಈ ಗುಣ ದಿನಗಳಲ್ಲಿ, ವಾರಗಳಲ್ಲಿ ಇಳಿಯಬಹುದು. ಮಾತ್ರೆ, ಮಾತುಕತೆಯ ಚಿಕಿತ್ಸೆ ಜೊತೆಗೇ ನಡೀಬೇಕು. ಎದ್ದವರು ಮತ್ತೆ ಬಿದ್ದಾಗ ‘ಇದೂ ಆಗಲಿಲ್ಲ’ ಅನ್ನೋ ನಿರಾಸೆ ಬಹಳ ಕೆಟ್ಟದ್ದು. ಅದಕ್ಕೇ ಡಿಸ್ಚಾರ್ಜ್ ಚೀಟಿ ಮೇಲೆ ದಪ್ಪ ಪೆನ್ನಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದು, ಅದನ್ನು ಮನೆಯವರಿಂದ ಒಂದು ಸಲ ಓದಿಸುತ್ತೇನೆ. ಆ ಕರೆಗೆ ದುಡ್ಡಿಲ್ಲ, ರಾತ್ರಿ ಹಗಲು ಅನ್ನೋದಿಲ್ಲ.

ಆ ಶ್ರೀನಿವಾಸಪುರದ ಅಮ್ಮ ಮತ್ತೆ ಬರಲ್ಲ ಅಂದುಕೊಂಡಿದ್ದೆ. ಹತ್ತು ದಿನಕ್ಕೆ ಬಂದರು. ಈ ಸಲ ಎಲ್ಲಾ ಹೇಳಿದೆ, ಹೋದ ಸಲ ಹೇಳದೇ ಇದ್ದದ್ದು ನನ್ನ ತಪ್ಪು ಅಂತಲೂ ಹೇಳಿದೆ. “ಮೊದ್ಲೇ ಹೇಳಿದ್ರೆ ಆಗ್ತಿತ್ತಲ್ಲ ಸಾರ್” ಅಂದು ಸೆರಗು ಸರಿಮಾಡಿಕೊಂಡು ಮಲಗಿದರು. ಲೈಟ್ ಕಮ್ಮಿ ಮಾಡಿದೆವು. ಹದಿನೈದನೇ ನಿಮಿಷಕ್ಕೆ, ಕಣ್ಣು ಮುಚ್ಚಿಕೊಂಡೇ, ಹೊಲದಿಂದ ಹಸು ಆಚೆ ಹೋಯ್ತು ಅಂತ ಹೇಳುವಷ್ಟು ನಿಧಾನವಾಗಿ ಹೇಳಿದರು: “ಸಾರ್, ಹೋಯ್ತು ಕೈ.”

“ಹೋಗ್ಲಿ ಬಿಡಮ್ಮಾ, ಬರುತ್ತೆ” ಅಂದೆ.