ಮಾಡಿನ ಅಂಚು, ಗಟರು ಮತ್ತು ಹನ್ನೊಂದು ಸಾಲಿನ ಕಾಗದ

"ಒಟ್ಟು ಎಷ್ಟಾಗುತ್ತೆ ಅಂತ ಕೇಳದೆ ಕೊಟೇಶನ್ ತಗೊಳ್ತೀರಾ ಭಾವ? ಯಾವ ಮೇಸ್ತ್ರಿನೂ ನಿಮ್ಮ ಮನೆ ಕಡೆ ತಲೆ ಹಾಕಲ್ಲ" ಅಂತ ನನ್ನ ಹೆಂಡತಿಯ ತಮ್ಮ ನಕ್ಕಿದ್ದ, ಮಾಡಿನ (ಛಾವಣಿಯ) ಅಂಚಿನಲ್ಲಿ ಮಳೆನೀರು ಹಿಡಿಯುವ ಗಟರಿಗೆ ದರ ಕೇಳಲು ನಾನು ಮಾಡಿದ ಕಾಗದ ನೋಡಿ. ಅದು 2023ರ ಆಗಸ್ಟ್. ಈಗ ಎರಡು ಮಳೆಗಾಲ ಕಳೆದಿವೆ. ಗಟರು ಹಾಕಿದಲ್ಲೇ ಇದೆ. ಹೋದ ತಿಂಗಳು ಅವನೇ ಫೋನ್ ಮಾಡಿ, ಮಡಗಾಂವಿನ ತನ್ನ ಮನೆಗೆ "ಆ ಕಾಗದ ಸ್ವಲ್ಪ ಕಳಿಸಿ" ಅಂದ. ನಾನು ಒಂದು ದಿನ ಕಾಯಿಸಿಯೇ ಕಳಿಸಿದೆ.

ನಮ್ಮ ಮನೆ ಗೋವಾದ ಫೋಂಡಾದ ಹತ್ತಿರ. ಕೆಂಪುಕಲ್ಲಿನ ಗೋಡೆ, ಮಂಗಳೂರು ಹೆಂಚು, ಮುಂದೆ 44 ಅಡಿ, ಹಿಂದೆ 44 ಅಡಿ. ನಾನು ಹೊನ್ನಾವರ ಕಡೆಯವನು. ಚಿಕ್ಕಂದಿನಲ್ಲಿ ಮಾಡಿನ ನೀರಿಗೆ ಅಡಿಕೆ ಮರದ ದಂಬೆ (ಸೀಳಿ ತೋಡಿದ ಕಾಂಡ) ಕಟ್ಟುವುದನ್ನು ನೋಡಿ ಬೆಳೆದವನು. ಎರಡು ಮೂರು ವರ್ಷಕ್ಕೆ ಕೊಳೆಯುತ್ತಿತ್ತು, ಬದಲಿಸುತ್ತಿದ್ದರು, ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ನಮ್ಮ ಊರಿಗಿಂತ ಬೇರೇನಲ್ಲ. ಬೇರೆಯಾಗಿರುವುದು ಕೂಲಿಯ ಲೆಕ್ಕ, ಮತ್ತೆ ಗೊತ್ತಿರದವರ ಹತ್ತಿರ ಕೆಲಸ ಮಾಡಿಸಬೇಕಾದ ಕಷ್ಟ.

ಮೊದಲು ಕಳೆದುಕೊಂಡ ದುಡ್ಡಿನ ಕಥೆ.

2019ರ ಮೇ ತಿಂಗಳು. ಅಂಚಿನ ಹಲಗೆಗೆ ಒರಲೆ (ಗೆದ್ದಲು) ಹಿಡಿದು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ಮೂವರನ್ನು ಕೇಳಿದೆ. ಕಡಿಮೆ ಹೇಳಿದವನಿಗೆ ಕೆಲಸ ಕೊಟ್ಟೆ. ಎಲ್ಲಾ ಸೇರಿ 46 ಸಾವಿರ ಅಂದಿದ್ದ. ಕೆಲಸ ಮುಗಿಯುವಾಗ 71 ಸಾವಿರ ಆಗಿತ್ತು. ಒಡೆದ ಹೆಂಚು ಬೇರೆ, ಹೆಂಚು ಕೂರುವ ರೀಪು ಬೇರೆ, ರೀಪನ್ನು ಹೊರುವ ಪಕ್ಕಾಸಿನ ತುದಿ ಕತ್ತರಿಸಿ ಜೋಡಿಸಿದ್ದು ಬೇರೆ, ಏಣಿ ಕಟ್ಟಿದ್ದೂ ಬೇರೆ. ಮಾಡು ಬಿಚ್ಚಿಟ್ಟು, ಆಕಾಶ ನೋಡುತ್ತಾ "ಸರ್, ಇದಕ್ಕೆ ಎಕ್ಸ್‌ಟ್ರಾ ಆಗ್ತದೆ" ಅಂದರೆ ಯಾರು ಬೇಡ ಅಂತಾರೆ? ಜೂನ್ ಮೊದಲ ವಾರ ಮಳೆ ಬಾಗಿಲಿಗೇ ಬಂದು ನಿಂತಿರುತ್ತದೆ. ಗಟರಿನ ತಗಡು ಕಾಗದದ ಹಾಗಿತ್ತು. ಕ್ಲಾಂಪ್ ನಾಲ್ಕು ಅಡಿಗೊಂದು. ಮೂರನೇ ಮಳೆಗಾಲದ ಹೊತ್ತಿಗೆ ನಡುವಲ್ಲಿ ಜೋತು ಬಿದ್ದು, ನೀರೆಲ್ಲ ಗೋಡೆ ಮೇಲೆ ಸುರಿಯಿತು. ಬಣ್ಣಕ್ಕೆ ಹಾಕಿದ 18 ಸಾವಿರವೂ ಹೋಯಿತು.

ಆಮೇಲೆ ಸಿಟ್ಟು ಬಂದು 2021ರಲ್ಲಿ ಪಿವಿಸಿ ಗಟರು ತಂದು ನಾನೇ ಹಾಕಿದೆ. ಸಾಮಾನಿಗೆ 19 ಸಾವಿರ ಬಿತ್ತು. ನೋಡೋಕೆ ಚೆಂದ ಇತ್ತು. ಆದರೆ ಸುಮ್ನೆ ಬುದ್ಧಿವಂತಿಕೆ ಮಾಡಿ ಎಲ್ಲಾ ಜಾಯಿಂಟಿಗೂ ಗಮ್ ಹಾಕಿ ಎರಡೂ ತುದಿ ಬಿಗಿದೆ. 44 ಅಡಿ ಪಿವಿಸಿ ಏಪ್ರಿಲ್ ಬಿಸಿಲಿಗೆ ಹೆಚ್ಚುಕಡಿಮೆ ಒಂದು ಇಂಚು ಉದ್ದ ಆಗುತ್ತದೆ. ಅದಕ್ಕೆ ಹೋಗಲು ಜಾಗ ಎಲ್ಲಿದೆ? ಒಂದು ಮಧ್ಯಾಹ್ನ ಟಪ್ ಅಂತ ಸದ್ದಾಯಿತು. ಮಂಗ ಅಂದುಕೊಂಡೆ. ನಮ್ಮಲ್ಲಿ ಹೆಂಚು ಒಡೆಯೋದು ಹೆಚ್ಚಾಗಿ ಮಂಗಗಳೇ. ಹೋಗಿ ನೋಡಿದರೆ ನನ್ನದೇ ಜಾಯಿಂಟು ಬಾಯಿ ಬಿಟ್ಟಿತ್ತು.

ಅಲ್ಲಿಗೆ ಒಂದು ಲಕ್ಷ ಎಂಟು ಸಾವಿರ ನೀರಲ್ಲಿ ಹೋಯಿತು. ಹೆಂಡತಿಗೆ ಇವತ್ತಿಗೂ 80 ಸಾವಿರ ಅಂತಲೇ ಹೇಳಿದ್ದೇನೆ.

2023ರ ಏಪ್ರಿಲ್‌ನಲ್ಲಿ ಮತ್ತೆ ಕೇಳಲು ಶುರು ಮಾಡಿದೆ. ಫೋನಲ್ಲೇ ಮೂರು ಮೊತ್ತ ಬಂತು. ಒಬ್ಬರು 1.35 ಲಕ್ಷ, ಒಬ್ಬರು 95 ಸಾವಿರ, ಒಬ್ಬರು 52 ಸಾವಿರ. ಒಂದೇ ಮನೆ, ಒಂದೇ ಮಾಡು. ಈ ಮೂರರಲ್ಲಿ ಯಾವುದು ಸರಿ ಅಂತ ಹೇಗೆ ಗೊತ್ತಾಗಬೇಕು? ಗೊತ್ತಾಗುವುದಿಲ್ಲ. ಯಾಕೆಂದರೆ ಮೂವರೂ ಬೇರೆ ಬೇರೆ ಕೆಲಸಕ್ಕೆ ದರ ಹೇಳಿದ್ದರು. ಒಬ್ಬರ ಲೆಕ್ಕದಲ್ಲಿ ಹೆಂಚಿನ ಕೊನೆಯ ಎರಡು ಸಾಲು ತೆಗೆದು ಮತ್ತೆ ಹಾಕುವುದು ಇತ್ತು, ಇನ್ನೊಬ್ಬರದರಲ್ಲಿ ಇರಲಿಲ್ಲ. ನಾನು ವಾಸ್ಕೋದಲ್ಲಿ ಇಪ್ಪತ್ತೆರಡು ವರ್ಷ ಸ್ಟೋರ್ಸ್ ನೋಡಿಕೊಂಡವನು. ನಟ್ಟು ಬೋಲ್ಟಿಗೂ ದರಪಟ್ಟಿ ಮಾಡಿಸುತ್ತಿದ್ದವನು. ಸ್ವಂತ ಮನೆಗೆ ಮಾತ್ರ ಬಾಯಿಮಾತಲ್ಲಿ ದುಡ್ಡು ಕೊಟ್ಟಿದ್ದೆ.

ಹಾಗಾಗಿ ಆ ಮಳೆಗಾಲ ಟಾರ್ಪಾಲು ಕಟ್ಟಿ ಸುಮ್ಮನಿದ್ದೆ. ಜುಲೈಯಲ್ಲಿ ಮಳೆ ಹೊಡೆಯುವಾಗ ಛತ್ರಿ ಹಿಡಿದು ಮನೆ ಸುತ್ತಿದೆ. ಎಲ್ಲಿ ನೀರು ಹಾರುತ್ತದೆ, ಎಲ್ಲಿ ಗೋಡೆಗೆ ಇಳಿಯುತ್ತದೆ ಅಂತ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿದೆ. ಬಿಸಿಲಲ್ಲಿ ಬಂದ ಮೇಸ್ತ್ರಿಗೆ ಏನೂ ಕಾಣುವುದಿಲ್ಲ. ಆಮೇಲೆ ಒಂದು ಕಾಗದ ಮಾಡಿದೆ. ಹನ್ನೊಂದು ಸಾಲು. ಪ್ರತಿ ಸಾಲಿಗೂ ಕೆಲಸ ಏನು, ಅಳತೆ ಎಷ್ಟು ಅಂತ ನಾನೇ ಬರೆದೆ. ಗಟರು 88 ಅಡಿ. ಅಂಚಿನ ಹಲಗೆ, ಪಕ್ಕದ ಇಳಿಜಾರು ಅಂಚುಗಳೂ ಸೇರಿ ಸುಮಾರು 150 ಅಡಿ. ಇಳಿಕೆ ಪೈಪು ನಾಲ್ಕು ಇಂಚಿನದ್ದು ನಾಲ್ಕು. ಕ್ಲಾಂಪ್ ಎರಡು ಅಡಿಗೊಂದು, ಸ್ಕ್ರೂ ಸ್ಟೇನ್‌ಲೆಸ್. ಕೊನೆಯ ಎರಡು ಸಾಲು ಹೆಂಚು ತೆಗೆದು ಮತ್ತೆ ಹಾಕುವುದು. ಹೀಗೆ. ಪ್ರತಿ ಸಾಲಿನ ಮುಂದೆ ಎರಡು ಖಾಲಿ ಮನೆ (ಕಾಲಂ), ಸಾಮಾನಿನ ದರ ಒಂದು, ಕೂಲಿ ಇನ್ನೊಂದು. ಒಟ್ಟು ಅನ್ನುವ ಮನೆ ಇಡಲೇ ಇಲ್ಲ.

ಭಾವಮೈದ ನಕ್ಕಿದ್ದು ಇದಕ್ಕೇ. ಆದರೆ ನನಗೆ ಬೇಕಾಗಿದ್ದೂ ಇದೇ. ಒಟ್ಟು ಕೇಳಿದರೆ ಮೇಸ್ತ್ರಿ ಮನೆ ನೋಡಿ, ಅಂಗಳದ ಕಾರು ನೋಡಿ ಒಂದು ಸಂಖ್ಯೆ ಹೇಳುತ್ತಾನೆ. ಅಡಿಗೆ ಎಷ್ಟು ಅಂತ ಕೇಳಿದರೆ ಅವನೂ ಕೂತು ಲೆಕ್ಕ ಹಾಕಬೇಕು.

ಕಾಗದದ ಕೊನೆಯ ನಾಲ್ಕು ಸಾಲು ಮುಖ್ಯ. ಬೇಕಾದೀತು, ಬೇಡವಾಗಿಯೂ ಹೋದೀತು ಅನ್ನುವಂಥವು ಅವು. ಹೊಸ ಹೆಂಚು ಒಂದಕ್ಕೆ ಎಷ್ಟು? ರೀಪು ಅಡಿಗೆ ಎಷ್ಟು? ಕೊಳೆತ ಪಕ್ಕಾಸಿನ ತುದಿ ಒಂದು ಸರಿಮಾಡಲು ಎಷ್ಟು? ಏಣಿ, ಅಟ್ಟಣಿಗೆ ಎಲ್ಲಾ ಸೇರಿ ಎಷ್ಟು? 2019ರಲ್ಲಿ ನನ್ನನ್ನು ಹಿಡಿದ ಜಾಗ ಇದು. ಮಾಡು ಬಿಚ್ಚುವ ಮೊದಲೇ ಎಕ್ಸ್‌ಟ್ರಾದ ದರ ಬರೆಸಿಕೊಂಡರೆ, ಆಮೇಲೆ ಎಣಿಸುವುದಷ್ಟೇ ಬಾಕಿ.

ಯಾವಾಗ ಕೇಳಬೇಕು ಅನ್ನುವುದೂ ಇದೆ. ಮೇ ತಿಂಗಳಲ್ಲಿ ಇಡೀ ಗೋವಾಕ್ಕೆ ಮಾಡು ನೆನಪಾಗುತ್ತದೆ. ಗಣೇಶ ಚವತಿಗೆ ಮೊದಲು ಎಲ್ಲರಿಗೂ ಬಣ್ಣ ಬೇಕು. ಚವತಿ ಮುಗಿದು ಹದಿನೈದು ದಿನಕ್ಕೆ ಕೇಳಿ. ನಾನು ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಮೊದಲಿಗೆ ಕೇಳಿದೆ. ಆಗ ಮೇಸ್ತ್ರಿಗಳೇ ವಾಪಸ್ ಫೋನ್ ಮಾಡುತ್ತಾರೆ.

ಏಳು ಜನರನ್ನು ಕರೆದೆ. ಇಬ್ಬರು ಕಾಗದ ನೋಡಿಯೇ ಹೋದರು. ವಿಜಯಪುರ ಕಡೆಯ ಮೇಸ್ತ್ರಿಯೊಬ್ಬರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ಸರ್, ಹಿಂಗ ಸಾಲು ಸಾಲು ರೇಟ್ ಯಾರೂ ಕೇಳಂಗಿಲ್ರೀ. ಒಂದ ಮಾತು ಹೇಳ್ತೀನಿ, ಮುಗಸ್ರಿ" ಅಂದರು. "ಒಂದ ಮಾತಿಗೆ ನಾನು ಎರಡು ಸಲ ದುಡ್ಡು ಕಟ್ಟೀನ್ರೀ, ಚಾ ಕುಡೀರಿ, ಬರಕೊಳ್ತೀನಿ" ಅಂದೆ. ನನ್ನ ಧಾರವಾಡ ಭಾಷೆ ಕೇಳಿ ನಕ್ಕರು. ಕೂತರು. ಮುಕ್ಕಾಲು ಗಂಟೆಯಲ್ಲಿ ಹನ್ನೊಂದೂ ಸಾಲು ತುಂಬಿತು. ಕಾಗದ ಅವರ ಕೈಗೆ ಕೊಟ್ಟು ಕಳಿಸಿದರೆ ಅದು ವಾಪಸ್ ಬರುವುದಿಲ್ಲ. ಎದುರಿಗೆ ಕೂರಿಸಿ ನೀವೇ ಬರೆದುಕೊಳ್ಳಬೇಕು.

ಐದು ದರಪಟ್ಟಿ ಸಿಕ್ಕಿತು. ಗಟರಿಗೆ ಅಡಿಗೆ 190, 240, 260, 310, 420 ರೂಪಾಯಿ, ನೆನಪಿದ್ದಂತೆ. ಮಜಾ ಏನೆಂದರೆ 420 ಹೇಳಿದವರದ್ದೇ ಹಲಗೆಯ ದರ ಎಲ್ಲರಿಗಿಂತ ಕಡಿಮೆ. ಅವರ ಬಾಮೈದನದ್ದು ಮರದ ಮಿಲ್ಲು ಅಂತ ಆಮೇಲೆ ಗೊತ್ತಾಯಿತು. 190 ಹೇಳಿದವರು ಎಕ್ಸ್‌ಟ್ರಾ ಸಾಲುಗಳಲ್ಲಿ ಬಾಚಿಕೊಂಡಿದ್ದರು. ಹೆಂಚು ಒಂದಕ್ಕೆ 90 ಬರೆಸಿದ್ದರು, ಉಳಿದವರದ್ದು 40ರ ಆಸುಪಾಸು. ಒಟ್ಟು ಮೊತ್ತ ಕೇಳಿದ್ದರೆ ಅವರೇ ಎಲ್ಲರಿಗಿಂತ ಅಗ್ಗ ಕಾಣುತ್ತಿದ್ದರು.

ಹಾಗಾದರೆ ಹಲಗೆ ಒಬ್ಬರಿಗೆ, ಗಟರು ಇನ್ನೊಬ್ಬರಿಗೆ ಕೊಟ್ಟರೆ ಜಾಸ್ತಿ ಉಳಿಯುತ್ತದಲ್ವಾ? ಪಕ್ಕದ ಮನೆಯವರಿಗೆ ಈ ಉಪಾಯ ಹೇಳಿಕೊಟ್ಟವನು ನಾನೇ. ಮೊದಲ ಮಳೆಗೆ ಸೋರಿತು. ಗಟರಿನವನು ಹಲಗೆ ಸೊಟ್ಟ ಅಂದ, ಹಲಗೆಯವನು ಕ್ಲಾಂಪ್ ಸರಿ ಇಲ್ಲ ಅಂದ. ಇಬ್ಬರೂ ಮತ್ತೆ ಬರಲಿಲ್ಲ. ಪಕ್ಕದ ಮನೆಯವರು ಈಗಲೂ ನನ್ನ ಜೊತೆ ಮಾತಾಡುತ್ತಾರೆ, ಸ್ವಲ್ಪ ಕಡಿಮೆ.

ನಾನು ಮಾಡಿದ್ದು ಬೇರೆ. ಪ್ರತಿ ಸಾಲಿನಲ್ಲೂ ನಡುವಿನ ದರಕ್ಕೆ ಗುರುತು ಹಾಕಿದೆ. ಹೆಚ್ಚಿನ ಸಾಲುಗಳಲ್ಲಿ ಅದರ ಹತ್ತಿರ ಇದ್ದವರು ವಿಜಯಪುರದ ಮೇಸ್ತ್ರಿ. ಅವರನ್ನು ಕರೆದು, ಜಾಸ್ತಿ ಇದ್ದ ಮೂರು ಸಾಲು ಮಾತ್ರ ಮಾತಾಡಿದೆ. ಕೂಲಿಯ ಮನೆ ಮುಟ್ಟಲಿಲ್ಲ. ಮೇಲೆ ಹದಿಮೂರು ಅಡಿ ಎತ್ತರದಲ್ಲಿ ನಿಂತು ಸ್ಕ್ರೂ ತಿರುಗಿಸುವವನ ಕೂಲಿ ಕಡಿದರೆ ಅವನು ಎರಡು ಸ್ಕ್ರೂ ಬಿಡುತ್ತಾನೆ, ನಮಗೆ ಕಾಣುವುದೂ ಇಲ್ಲ. ಸಾಮಾನಿನ ದರದಲ್ಲಿ ಮಾತ್ರ ಇಳಿಸಿದೆ. ಆ ಇಳಿಸುವಾಗ ಕೇಳುವ ಒಂದು ಪ್ರಶ್ನೆ ಇದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಫೋಂಡಾದ ಮೇಸ್ತ್ರಿಗಳಲ್ಲೂ ಕನ್ನಡ ಓದುವವರಿದ್ದಾರೆ. ಬಿಲ್ ಬೇಕಾದರೆ 18 ಪರ್ಸೆಂಟ್ ಜಿಎಸ್‌ಟಿ ಸೇರಿಯೋ ಬಿಟ್ಟೋ ಅನ್ನುವುದನ್ನೂ ಮೊದಲೇ ಬರೆಸಿಕೊಳ್ಳಿ. ಅಡ್ವಾನ್ಸ್ ಕೊಟ್ಟದ್ದು ಸಾಮಾನು ಅಂಗಳಕ್ಕೆ ಬಂದಿಳಿದ ದಿನ.

ತಗಡನ್ನು ತೂಕ ಮಾಡಿ ನೋಡಿದ್ದು ನನ್ನ ಹೆಮ್ಮೆ. ಅರ್ಧ ಎಂಎಂ ಕಲರ್ ಕೋಟೆಡ್ ತಗಡು ಅಂತ ಎಲ್ಲರೂ ಹೇಳುತ್ತಾರೆ. ಆ ಅರ್ಧದಲ್ಲಿ ಬಣ್ಣ, ಲೇಪ ಎಲ್ಲಾ ಸೇರಿರುತ್ತದೆ, ಒಳಗಿನ ಉಕ್ಕು ಅದಕ್ಕಿಂತ ತೆಳು. ಮೈಕ್ರೋಮೀಟರ್ ಇಲ್ಲದಿದ್ದರೂ ಅಡುಗೆಮನೆಯ ತಕ್ಕಡಿ ಇದೆಯಲ್ಲ. ಬಿಚ್ಚಿದರೆ 18 ಇಂಚು ಅಗಲ ಆಗುವ ಗಟರಿನ ಒಂದು ಅಡಿ ತುಂಡು ಅರ್ಧ ಕಿಲೋ ದಾಟಬೇಕು. ನನ್ನದು 520 ಗ್ರಾಂ ಬಂತು. ಅಟ್ಟದಲ್ಲಿದ್ದ 2019ರ ತುಂಡನ್ನೂ ತೂಗಿದೆ, 380. ಮೇಸ್ತ್ರಿ ಪಕ್ಕದಲ್ಲೇ ನಿಂತು ನೋಡಿದರು. ಅವತ್ತಿನಿಂದ ಯಾವ ಸಾಮಾನು ಬಂದರೂ "ತೂಕ ಮಾಡ್ರಿ ಸರ್" ಅಂತ ಅವರೇ ತಮಾಷೆ ಮಾಡುತ್ತಿದ್ದರು.

ನಡುವೆ ಕೆಲವು ಹುಚ್ಚಾಟಗಳೂ ಆದವು. ಹಲಗೆ ಯಾವುದು ಅಂತ ತೀರ್ಮಾನ ಆಗದೆ ಮತ್ತಿ ಮರ, ಡಬ್ಲ್ಯೂಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ ಹಲಗೆ), ಸಿಮೆಂಟ್ ಬೋರ್ಡ್ ಮೂರರ ತುಂಡನ್ನೂ ಒಂದು ತಿಂಗಳು ಬಕೆಟ್ ನೀರಲ್ಲಿ ಮುಳುಗಿಸಿಟ್ಟೆ. ಅಂಚು ಕತ್ತರಿಸಿದ ಕಡೆ ಸಿಮೆಂಟ್ ಬೋರ್ಡ್ ಉಬ್ಬಿತು. ಡಬ್ಲ್ಯೂಪಿಸಿ ಹಾಗೇ ಇತ್ತು, ಆದರೆ ಬಿಸಿಲಿಗಿಟ್ಟ ಇನ್ನೊಂದು ತುಂಡು ಬಾಗಿತು. ಮತ್ತಿಯನ್ನೇ ಹಾಕಿದೆ, ಗೋವಾದ್ದೇ ಮರ ಅಂತ ಸಮಾಧಾನ ಬೇರೆ. ಒರಲೆಗೆ ನಮ್ಮ ಹಿರಿಯರ ಹಾಗೆ ಗೇರು ಸಿಪ್ಪೆಯ ಎಣ್ಣೆ ಬಳಿದೆ. ಕೈಗವಸು ಹಾಕದೆ ಬಳಿದೆ. ಎಂಟು ದಿನ ಬೊಬ್ಬೆ ಎದ್ದ ಕೈಯಲ್ಲಿ ಊಟಕ್ಕೂ ಚಮಚ ಬೇಕಾಯಿತು.

ಇಳಿಕೆ ಪೈಪಿನ ಬದಲು ಸರಪಳಿ ಇಳಿಬಿಟ್ಟರೆ ನೀರು ಅದರ ಮೇಲೆ ಚೆಂದ ಇಳಿಯುತ್ತದೆ ಅಂತ ಒಂದು ಮೂಲೆಯಲ್ಲಿ ಹಾಕಿಯೂ ನೋಡಿದೆ. ಜುಲೈ ಗಾಳಿಗೆ ಅರ್ಧ ನೀರು ಜಗಲಿಗೆ ಹಾರಿತು. ಗಟರಿನ ಮೇಲೆ ಪ್ಲಾಸ್ಟಿಕ್ ಜಾಲರಿ ಹಾಕಿದೆ. ಎಲೆ ಅದರ ಮೇಲೇ ಚಾಪೆಯ ಹಾಗೆ ಹಾಸಿಕೊಂಡು ನೀರು ಹೊರಗೆ ಹಾರಿತು. ತೆಗೆದು ಎಸೆದೆ. ವರ್ಷಕ್ಕೆ ಮೂರು ಸಲ ಏಣಿ ಹತ್ತಿ ಕೈಯಲ್ಲೇ ಬಾಚುತ್ತೇನೆ.

ಕೆಲಸ ನವೆಂಬರಿನಲ್ಲಿ ಒಂಬತ್ತು ದಿನ ನಡೆಯಿತು. ಬಿಚ್ಚಿದಾಗ ಏಳು ಪಕ್ಕಾಸಿನ ತುದಿ ಕೊಳೆತಿದ್ದವು. ಮೇಸ್ತ್ರಿ ಮೇಲಿನಿಂದ "ಏಳು" ಅಂದರು, ನಾನು ಕೆಳಗಿನಿಂದ "ಏಳು" ಅಂದೆ, ಮಾತು ಮುಗಿಯಿತು. ಹೆಂಚು ಐವತ್ತರ ಮೇಲೆ ಒಂದೋ ಎರಡೋ. ಎಲ್ಲಾ ಸೇರಿ 76 ಸಾವಿರ ಚಿಲ್ಲರೆ. 52 ಸಾವಿರ ಅಂದಿದ್ದವರ ಹತ್ತಿರ ಹೋಗಿದ್ದರೆ ಎಷ್ಟಕ್ಕೆ ಮುಗಿಯುತ್ತಿತ್ತು ಅಂತ ನೀವೇ ಊಹಿಸಿ.

ಕೊನೆಯ ದಿನ ನೀರು ಬಿಟ್ಟು ನೋಡಿದ ಮೇಲೆಯೇ ಬಾಕಿ ಕೊಟ್ಟೆ. ಗಂಟೆಗೆ 100 ಮಿಲಿಮೀಟರ್ ಮಳೆ ಹೊಡೆದರೆ ನನ್ನ ಮಾಡಿನ ಒಂದು ಬದಿಯಿಂದ ನಿಮಿಷಕ್ಕೆ 100 ಲೀಟರಿನಷ್ಟು ನೀರು ಬರುತ್ತದೆ. ತೋಟದ ಪೈಪಿನಲ್ಲಿ ಅಷ್ಟು ಬರುವುದಿಲ್ಲ. ಮೂವರು ಇಪ್ಪತ್ತು ಲೀಟರಿನ ಕ್ಯಾನು ಹಿಡಿದು ಒಟ್ಟಿಗೆ ಸುರಿದರು. ತುಳುಕಲಿಲ್ಲ. 2024ರ ಜುಲೈ ಮಳೆಗೂ ತುಳುಕಲಿಲ್ಲ.

ಅಡುಗೆಮನೆಯ ಹಿಂದೆ ಎರಡು ಮಾಡು ಸೇರುವ ಮೂಲೆ ಮಾತ್ರ ಈಗಲೂ ತೊಟ್ಟಿಕ್ಕುತ್ತದೆ. ಅಲ್ಲಿ ತಗಡಿನ ದೋಣಿ ಬೇಕು ಅಂತ ಕಾಗದದಲ್ಲಿ ಬರೆಯಲು ಮರೆತಿದ್ದೆ. ಮೇಸ್ತ್ರಿಯೂ ಹೇಳಲಿಲ್ಲ, ನಾನು ಕೇಳಲಿಲ್ಲ. ಕೆಳಗೆ ಒಂದು ತಾಮ್ರದ ಹಂಡೆ ಇಟ್ಟಿದ್ದೇವೆ. ಭಾವಮೈದನಿಗೆ ಕಳಿಸಿದ ಕಾಗದದಲ್ಲಿ ಹನ್ನೆರಡು ಸಾಲು ಇದೆ.