ಅಡಿಕೆ ಚೀಟಿಯ ಹಿಂದೆ ಮ್ಯೂಯಾನ್ ಲೆಕ್ಕ

ಸಾಗರದಲ್ಲಿ ಆಷಾಢದ ಮಳೆ ಅಂದರೆ ಕರೆಂಟ್ ಹೋಗುವುದು ಮಾಮೂಲಿ. ಹೋದ ವಾರ ಬಿಎಸ್ಸಿ ಓದುವ ಅಣ್ಣನ ಮಗಳಿಗೆ ಈ ಲೆಕ್ಕವನ್ನು ಟಾರ್ಚ್ ಬೆಳಕಲ್ಲಿ, ಅಡಿಕೆ ಮಂಡಿಯ ಹಳೇ ಚೀಟಿಯ ಹಿಂದೆ ಬರೆದು ತೋರಿಸಿದೆ.

ಮ್ಯೂಯಾನ್ ಅಂದರೆ ಎಲೆಕ್ಟ್ರಾನಿನ ದಪ್ಪ ಅಕ್ಕ. ಚಾರ್ಜ್ ಅಷ್ಟೇ, ತೂಕ ಸುಮಾರು 207 ಪಟ್ಟು. ಅಮೆರಿಕದ ಫರ್ಮಿಲ್ಯಾಬ್ ಪ್ರಯೋಗಾಲಯದಲ್ಲಿ ಇದನ್ನು 1.45 ಟೆಸ್ಲಾ ಕಾಂತಕ್ಷೇತ್ರದ ಉಂಗುರದಲ್ಲಿ ಸುತ್ತಿಸಿದರು.

ಮೊದಲು ಉಂಗುರದ ಅಳತೆ. ಮೊಮೆಂಟಮ್, ಅಂದರೆ ಓಟದ ರಭಸ, 3.094 ಜಿಇವಿ (ಕಣಗಳ ಲೆಕ್ಕದಲ್ಲಿ ಬಳಸುವ ಅಳತೆ). ಇದನ್ನು 0.3 × 1.45ರಿಂದ ಭಾಗಿಸಿ. 7.11 ಮೀಟರ್ ತ್ರಿಜ್ಯ ಬರುತ್ತದೆ, ಅಲ್ಲಿ ಇರುವುದೂ ಅಷ್ಟೇ. ಆ 0.3 ಬೆಳಕಿನ ವೇಗದಿಂದ ಬಂದದ್ದು. 3.094ನ್ನೂ ಸುಮ್ನೆ ಆರಿಸಿದ್ದಲ್ಲ. ಮ್ಯೂಯಾನ್‌ಗಳನ್ನು ದಾರಿ ತಪ್ಪದಂತೆ ಹಿಡಿದಿಡುವ ವಿದ್ಯುತ್ ಕ್ಷೇತ್ರ, ಆ ಮೊಮೆಂಟಮ್‌ನಲ್ಲಿ ನಮ್ಮ ಲೆಕ್ಕ ಕೆಡಿಸುವುದಿಲ್ಲ.

ಇನ್ನು ಮಜಾ ಇರುವ ಭಾಗ. ಮ್ಯೂಯಾನ್ ಒಂದು ಪುಟ್ಟ ಅಯಸ್ಕಾಂತವೂ ಹೌದು. ಅದರ ಬಲವನ್ನು ಹೇಳುವ ಸಂಖ್ಯೆಗೆ ಜಿ ಅನ್ನುತ್ತಾರೆ. 1928ರ ಡಿರಾಕ್ ಸಮೀಕರಣದ ಪ್ರಕಾರ ಜಿ ಸರಿಯಾಗಿ 2. ಹಾಗಿದ್ದರೆ ಅಯಸ್ಕಾಂತದ ಮುಖ ಯಾವಾಗಲೂ ಓಡುವ ದಿಕ್ಕಿಗೇ ಇರುತ್ತದೆ. ಇಕ್ಕೇರಿ ಗುಡಿಗೆ ಪ್ರದಕ್ಷಿಣೆ ಹಾಕುವಾಗ ನಮ್ಮ ಮುಖ ನಡೆಯುವ ಕಡೆಗೇ ಇರುತ್ತದೆ ಅಲ್ವಾ, ಹಾಗೆ. ಆದರೆ ಜಿ 2ಕ್ಕಿಂತ ಚೂರು ಜಾಸ್ತಿ. ಹಾಗಾಗಿ ಪ್ರತಿ ಸುತ್ತಿಗೂ ಮುಖ ಸುಮಾರು 12 ಡಿಗ್ರಿ ಹೆಚ್ಚಿಗೆ ತಿರುಗುತ್ತದೆ.

ಆ ಹೆಚ್ಚಿನ ತಿರುಗಾಟ ಸೆಕೆಂಡಿಗೆ ಎಷ್ಟು ಸಲ? 1948ರಲ್ಲಿ ಭೌತವಿಜ್ಞಾನಿ ಶ್ವಿಂಗರ್ ಕೊಟ್ಟ ದಾರಿ ಇದೆ. 1ನ್ನು 137ರಿಂದ ಭಾಗಿಸಿ (ವಿದ್ಯುತ್ ಬಲ ಎಷ್ಟು ಗಟ್ಟಿ ಅಂತ ಹೇಳುವ ಸಂಖ್ಯೆ ಅದು), ಮತ್ತೆ 6.283ರಿಂದ, ಅಂದರೆ ಎರಡು ಪೈನಿಂದ, ಭಾಗಿಸಿ. 0.00116 ಬಂತು. ಇದು ಜಿ ಎರಡನ್ನು ಮೀರಿದ್ದರ ಅರ್ಧ. ಮ್ಯೂಯಾನಿನ ಚಾರ್ಜನ್ನು ತೂಕದಿಂದ ಭಾಗಿಸಿದರೆ ಕಿಲೋಗೆ 85.06 ಕೋಟಿ ಕೂಲಂಬ್. ಇಲ್ಲಿ ನಿಂತಿರುವ ಮ್ಯೂಯಾನಿನ ತೂಕವನ್ನೇ ಹಾಕಿ, ವೇಗದ ತಂಟೆ ಬೇಡ. 1.45ರಿಂದ ಗುಣಿಸಿದರೆ 123.3 ಕೋಟಿ. ಅದನ್ನು ಆ ಸಣ್ಣ ಸಂಖ್ಯೆಯಿಂದ ಗುಣಿಸಿದರೆ 14.3 ಲಕ್ಷ.

"ಇಷ್ಟೇನಾ ಚಿಕ್ಕಪ್ಪಾ?" ಅಂತ ಅವಳು ಪೆನ್ನು ಕೆಳಗಿಟ್ಟಳು. ಎಲ್ಲರೂ ಎಡವುವುದು ಇಲ್ಲೇ. ಎಂಎಸ್ಸಿ ಪರೀಕ್ಷೆಯಲ್ಲಿ ನಾನೂ ಎಡವಿದ್ದೆ. ಅದು ರೇಡಿಯನ್ ಲೆಕ್ಕ, ಒಂದು ಸುತ್ತಿಗೆ 6.283 ರೇಡಿಯನ್. ಸುತ್ತು ಬೇಕಿದ್ದರೆ ಇನ್ನೊಮ್ಮೆ 6.283ರಿಂದ ಭಾಗಿಸಬೇಕು. ಆಗ ಸೆಕೆಂಡಿಗೆ 2.28 ಲಕ್ಷ. ಪ್ರಯೋಗದಲ್ಲಿ ಕಂಡದ್ದು ಸುಮಾರು 2.29 ಲಕ್ಷ!

ಉಳಿದ ಆ ಒಂದು ಸಾವಿರಕ್ಕೆ ಕೈ ಹಾಕಬೇಡಿ. ಶ್ವಿಂಗರ್ ಉತ್ತರಕ್ಕೆ ಒಂದೇ ಫೈನ್‌ಮನ್ ಚಿತ್ರ (ಕಣಗಳ ಒಡನಾಟವನ್ನು ಗೆರೆಗಳಲ್ಲಿ ಬರೆದು ಲೆಕ್ಕ ಹಾಕುವ ಚಿತ್ರ) ಸಾಕು. ಇನ್ನೂ ನಿಖರ ಉತ್ತರ ಬೇಕೆಂದು ಐದನೇ ಹಂತಕ್ಕೆ ಹೋದರೆ 12,672 ಚಿತ್ರ ಬೇಕು. ನಮ್ಮ ಮನೆಯಲ್ಲಿ ಅಷ್ಟು ಚೀಟಿ ಇಲ್ಲ.