ಮನೆಯಂಗಳದಲ್ಲಿ ಮಾರುತಿ 800ರ ಗೇರ್ ಬಾಕ್ಸ್ ಕೂರಿಸಿದ್ದು

ಇಂಜಿನ್ ಬಿಚ್ಚಿ ಕಟ್ಟಿದ ಕಥೆ ಜಾಸ್ತಿ ಹೇಳೋದಿಲ್ಲ. 1996ರ ಕಾರ್ಬುರೇಟರ್ ಗಾಡಿ. ಬ್ಲಾಕನ್ನು ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿಗೆ ಒಯ್ದು, 68.5 ಮಿ.ಮೀ. ಇದ್ದ ಬೋರನ್ನು, ಅಂದ್ರೆ ಪಿಸ್ಟನ್ ಓಡಾಡುವ ತೂತನ್ನು, 69ಕ್ಕೆ ಮಾಡಿಸಿದೆ. ಹೊಸ ಪಿಸ್ಟನ್, ರಿಂಗ್, ಬೇರಿಂಗ್ ಹಾಕಿ, ಚೈನ್ ಬ್ಲಾಕ್ ಕಟ್ಟಿ ಇಂಜಿನ್ ಇಳಿಸಿದ್ದೂ ಆಯ್ತು. ಬೆವರಿಳಿಸಿದ್ದು ಅದಾದ ಮೇಲಿನ ಭಾನುವಾರ.

ಗೇರ್ ಬಾಕ್ಸಿನ ಶಾಫ್ಟ್ ಕ್ಲಚ್ ಪ್ಲೇಟಿನ ನಡುವಿನ ಹಲ್ಲಿರುವ ತೂತಿನೊಳಗೆ ಹೋಗುತ್ತೆ; ಅದು ಸಲೀಸಾಗಿ ಕೂರಬೇಕಾದರೆ ಪ್ಲೇಟ್ ನಟ್ಟನಡುವೆ ಇರಬೇಕು. ಅದಕ್ಕೆ ಬೇಕಾದ ಟೂಲ್ ನನ್ನ ಹತ್ತಿರ ಇರಲಿಲ್ಲ. ಸಾಕೆಟ್ ಸೆಟ್ಟಿನ ಎಕ್ಸ್‌ಟೆನ್ಶನ್ ರಾಡಿಗೆ ಇನ್ಸುಲೇಶನ್ ಟೇಪ್ ಸುತ್ತುತ್ತಾ ಹೋದೆ, ಪ್ಲೇಟಿನ ಹಲ್ಲಿನೊಳಗೆ ಬಿಗಿಯಾಗಿ ನಿಲ್ಲುವ ತನಕ. ಟಾರ್ಚ್ ಬಿಟ್ಟು, ಸುತ್ತಲೂ ಸಮ ಇದೆಯಾ ನೋಡಿ, ಆಮೇಲೆ ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ಟೈಟ್ ಮಾಡಿದೆ.

ಇಂಜಿನ್ ಅಡಿಗೆ ಹಲಗೆ ಕೊಟ್ಟು ಒಂದು ಜಾಕಿ, ಗೇರ್ ಬಾಕ್ಸಿಗೆ ಇನ್ನೊಂದು. ನಾನು ಕೆಳಗೆ ಮಲಗಿದೆ, ಬಾಮೈದ ಮೇಲೆ. ಎಲ್ಲಾ ಒಳಗೆ ಹೋಗಿ ಅರ್ಧ ಇಂಚು ಉಳೀತು. "ಭಾವ, ಬೋಲ್ಟ್ ಹಾಕಿ ಎಳೆದುಬಿಡೋಣ" ಅಂದ. ಬೇಡ ಅಂದೆ. ಅಲ್ಯೂಮಿನಿಯಂ ಹೌಸಿಂಗ್ ಅದು, ಬೋಲ್ಟಿನ ಕಿವಿ ಮುರಿದರೆ ಎಲ್ಲಿಂದ ತರೋದು? ಕ್ರ್ಯಾಂಕ್ ಪುಲ್ಲಿಗೆ ಪಾನಾ ಹಾಕಿ ಒಂಚೂರು ತಿರುಗಿಸು ಅಂತ ಹೇಳಿ, ಕೆಳಗಿಂದ ಅಲ್ಲಾಡಿಸುತ್ತಾ ಒತ್ತಿ ಹಿಡಿದೆ. ಹಲ್ಲಿಗೆ ಹಲ್ಲು ಸಿಕ್ಕಿ ಟಪ್ ಅಂತ ಕೂತಿತು.

ಹೊಸ ಆಯಿಲ್ ಸೀಲ್, ಡ್ರೈವ್ ಶಾಫ್ಟ್, ಗೇರ್ ಆಯಿಲ್, ಕ್ಲಚ್ ಕೇಬಲ್: ಇವೆಲ್ಲ ಸಂಜೆಯೊಳಗೆ ಮುಗೀತು.

ಸ್ಟಾರ್ಟ್ ಮಾಡುವ ಮುಂಚೆ ಸ್ಪಾರ್ಕ್ ಪ್ಲಗ್ ಮೂರೂ ಬಿಚ್ಚಿಟ್ಟೆ. ಪ್ಲಗ್ ಇಲ್ಲದಿದ್ದರೆ ಸಿಲಿಂಡರಿನೊಳಗೆ ಗಾಳಿ ಒತ್ತಿಕೊಳ್ಳಲ್ಲ, ಅಂದ್ರೆ ಕಂಪ್ರೆಶನ್ ಇರಲ್ಲ, ಹೊಸ ಬೇರಿಂಗಿನ ಮೇಲೆ ಭಾರ ಬೀಳದೆ ಆಯಿಲ್ ಮೇಲೇರುತ್ತೆ. ಕೀ ತಿರುಗಿಸಿದೆ. ಸೆಲ್ಫ್ ಒಂದ್ಸಲ ಮುಲುಗಿ ಸುಮ್ಮನಾಯ್ತು. ಬ್ಯಾಟರಿ ವೀಕ್ ಅಂದುಕೊಂಡು ಮತ್ತೆರಡು ಸಲ ತಿರುಗಿಸಿದೆ. "ಭಾವಾ, ಹೊಗೆ!" ಅಂತ ಬಾಮೈದ ಕೂಗಿದ. ಹೊಗೆ ಬರ್ತಿದ್ದದ್ದು ವೈರಿಂದಲ್ಲ, ಕ್ಲಚ್ ಕೇಬಲ್ಲಿಂದ!

ಬ್ಯಾಟರಿ ತೆಗೆದು ತಲೆ ಕೆರೆದುಕೊಂಡು ಕೂತೆ. ಕೊನೆಗೆ ಬಗ್ಗಿ ನೋಡಿದರೆ ಗೇರ್ ಬಾಕ್ಸಿಗೆ ಕಟ್ಟಬೇಕಾದ ಅರ್ಥ್ ವೈರ್ ಸುಮ್ನೆ ನೇತಾಡ್ತಿತ್ತು. ಇಂಜಿನ್ ಕೂತಿರೋದು ರಬ್ಬರ್ ಮೌಂಟಿನ ಮೇಲಲ್ವಾ, ಕರೆಂಟು ವಾಪಸ್ ಹೋಗೋಕೆ ದಾರಿ ಇಲ್ಲದೆ ಕ್ಲಚ್ ಕೇಬಲ್ಲಿನ ತಂತಿ ಹಿಡಿದಿತ್ತು. ತುಕ್ಕು ಉಜ್ಜಿ ವೈರ್ ಟೈಟ್ ಮಾಡಿದೆ. ಈಗ ಸೆಲ್ಫ್ ಗಿರ್ರನೆ ತಿರುಗಿತು. ಹತ್ತತ್ತು ಸೆಕೆಂಡಿನಂತೆ ಮೂರು ಸಲ ತಿರುಗಿಸಿದ ಮೇಲೆ ಆಯಿಲ್ ಲೈಟ್ ಆರಿತು.

ಪ್ಲಗ್ ಹಾಕಿ, ವೈರನ್ನು ಸಿಲಿಂಡರಿಗೆ ಕಿಡಿ ಹೋಗುವ 1-3-2 ಕ್ರಮದಲ್ಲಿ ಕೊಟ್ಟು, ಚೋಕ್ ಎಳೆದೆ. ಮೊದಲು ಕಾರ್ಬುರೇಟರಿನಿಂದ ಪಟ್ ಅಂತ ಸದ್ದು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಂದು ಕೂದಲೆಳೆ ತಿರುಗಿಸಿದೆ, ಹಿಡೀತು. ಬೋರಿಗೆ ಸವರಿದ್ದ ಆಯಿಲ್ ಸುಟ್ಟು ಓಣಿ ತುಂಬಾ ಹೊಗೆ. ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. ಐದು ನಿಮಿಷಕ್ಕೆ ಹೊಗೆ ಕಡಿಮೆಯಾಯ್ತು, ಮೂರು ಸಿಲಿಂಡರಿನ ಆ ಪರಿಚಿತ ಗುರುಗುರು ಶುರುವಾಯ್ತು.

ಕ್ಲಚ್ ಮಾತ್ರ ಕಲ್ಲಿನ ಹಾಗೆ ಗಟ್ಟಿ. ಕೇಬಲ್ಲಿನೊಳಗಿನ ಪ್ಲಾಸ್ಟಿಕ್ ಕರಗಿ ತಂತಿಗೆ ಅಂಟಿಕೊಂಡಿತ್ತು. ಸೋಮವಾರ ಬಾಮೈದನ ಬೈಕಲ್ಲಿ ಹೋಗಿ ಹೊಸ ಕೇಬಲ್ ತಂದೆ.